ವ್ಯಾನ್ ಹಿಂದೆ ಓಡಿದವನು ಆರ್ಟಿಸ್ಟ್ ಅಲ್ಲ

ನನ್ನ ಹೆಸರು ಗುರುಸಿದ್ದ, ತಂದೆ ದಿವಂಗತ ದುಂಡಪ್ಪ, ವಯಸ್ಸು ಇಪ್ಪತ್ತೊಂದು. ಕೆಲಸ ಅರೆಕೆರೆಯಲ್ಲಿ ಬೈರಣ್ಣನ ಗ್ಯಾರೇಜು. ಮೊದ್ಲು ಟಿಂಕರಿಂಗ್ ಮಾಡ್ತಿದ್ದೆ, ಈಗ ಬರೀ ಎಮರಿ ಪೇಪರ್ ಹಿಡ್ಕೊಂಡು ಗಾಡಿ ಉಜ್ತೀನಿ. ವಾಸ ಪುಟ್ಟೇನಹಳ್ಳಿ, ಕೆರೆ ಹಿಂದಿನ ರಸ್ತೆ, ಬಾಡಿಗೆ ಮನೆ, ನಾನು ಮತ್ತೆ ನಮ್ಮವ್ವ ರೇಣವ್ವ. ಓದಿರೋದು ಏಳನೇ ಕ್ಲಾಸು, ಅದೂ ಪೂರ್ತಿ ಇಲ್ಲ. ಈ ಮೂಲಕ ತಿಳಿಸೋದು ಏನಂದ್ರೆ, ಹೆಡ್ ಕಾನ್‌ಸ್ಟೇಬಲ್ ಸಿದ್ದಲಿಂಗಯ್ಯ ಸಾರ್ ನನ್ನನ್ನ ಕೂರ್ಸಿ ನಡೆದಿದ್ದನ್ನ ನಡೆದಂಗೆ ಹೇಳು ಅಂದ್ರು. ಹೇಳ್ತೀನಿ, ಆದ್ರೆ ನನ್ನ ಬಾಯಲ್ಲಿ ಬಂದಂಗೇ ಬರ್ಕೊಳ್ಳಿ, ಚೆಂದ ಮಾಡ್ಬೇಡಿ ಅಂತ ಕೇಳ್ಕೊಂಡೆ. ಆಯ್ತು ಅಂದ್ರು. ನಾನು ಕಂಪ್ಲೇಂಟ್ ಕೊಡೋನಾ, ಕಂಪ್ಲೇಂಟ್ ಬಿದ್ದಿರೋನಾ ಅಂತಾನೂ ಕೇಳ್ದೆ. ಅದು ಆಮೇಲೆ ಗೊತ್ತಾಗುತ್ತೆ ಅಂದ್ರು. ನಂಗೆ ಇನ್ನೂ ಗೊತ್ತಾಗಿಲ್ಲ.

ಇವತ್ತಿನ ಗಲಾಟೆ ಹೇಳೋಕೆ ಮುಂಚೆ ಹೋದ್ ವರ್ಷದ್ದು ಹೇಳ್ಬೇಕು. ಇಲ್ಲಾಂದ್ರೆ ನಾನು ಸುಮ್‌ಸುಮ್ನೆ ಪಿಕ್ಚರ್ ಡೈರೆಕ್ಟ್ರು ಕಾಲರ್ ಹಿಡ್ದೆ ಅಂತ ಆಗುತ್ತೆ. ಸುಮ್ನೆ ಹಿಡೀಲಿಲ್ಲ.

2004ನೇ ಇಸವಿ ಮಾರ್ಚ್ ತಿಂಗಳು, ಮಧ್ಯಾಹ್ನ ಊಟದ ಹೊತ್ತು. ಗ್ಯಾರೇಜ್ ಮುಂದೆ ರೋಡಲ್ಲೇ ಒಂದು ಫಿಯೆಟ್ ಡೋರ್ ಬಿಚ್ಚಿ ಬಡೀತಾ ಕೂತಿದ್ದೆ. ಎದುರುಗಡೆ ಫುಟ್‌ಪಾತಲ್ಲಿ ಒಬ್ಳು ಹುಡುಗಿ ಎದೆಗೆ ಪುಸ್ತಕ ಒತ್ಕೊಂಡು ಹೋಗ್ತಿದ್ಲು. ಹಸಿರು ಚೂಡಿದಾರ. ಹಿಂದಿಂದ ಒಂದು ಬಿಳೀ ಓಮ್ನಿ ಬಂತು. ಸೈಡ್ ಡೋರ್ ಸರಿದು ಇಬ್ರು ಕೈ ಹಾಕಿ ಅವಳನ್ನ ಒಳಗೆ ಎಳ್ಕೊಂಡ್ರು. ಪುಸ್ತಕ ರೋಡಲ್ಲಿ ಬಿತ್ತು. ಅವಳು ಅಮ್ಮಾ ಅಂದ್ಲು. ಸುತ್ತ ಜನ ಇದ್ರು ಸಾರ್. ಎಳನೀರು ಮಾರೋನು ಇದ್ದ, ಸ್ಕೂಟರಲ್ಲಿ ಇಬ್ರು ಇದ್ರು. ಎಲ್ರೂ ನೋಡಿದ್ರು. ಯಾರೂ ಎದ್ದೇಳ್ಲಿಲ್ಲ.

ನಾನು ಓಡ್ದೆ. ಚಪ್ಲಿ ಇರ್ಲಿಲ್ಲ. ಎಷ್ಟು ದೂರ ಓಡ್ದೆ ಅಂತ ಸಾರ್ ಕೇಳಿದ್ರು. ನಾನು ಟೇಪ್ ಹಿಡ್ಕೊಂಡು ಓಡ್ಲಿಲ್ಲ. ತಿರುವಲ್ಲಿ ಹಂಪ್ ಇದೆ, ಅಲ್ಲಿ ವ್ಯಾನ್ ಸ್ಲೋ ಆಯ್ತು, ಅಲ್ಲೀವರ್ಗೂ ಓಡ್ದೆ. ಡೋರ್ ಪೂರ್ತಿ ಮುಚ್ಚಿರ್ಲಿಲ್ಲ, ಬಲಗೈ ಹಾಕ್ದೆ. ಒಳಗಿದ್ದೋನು ಜೋರಾಗಿ ಎಳ್ದ. ನನ್ನ ಬೆರಳು ಡೋರ್ ಮಧ್ಯ ಸಿಕ್ಕೊಂಡ್ವು. ಆಗ ಆ ಹುಡುಗಿ ಕಿರುಚಿದ್ಲು. ಆ ಕಿರುಚಾಟ ನನ್ನ ಕಿವೀಲಿ ಇವತ್ತಿಗೂ ಐತೆ. ವ್ಯಾನ್ ನಿಲ್ಲಿಲ್ಲ. ಸ್ವಲ್ಪ ದೂರ ಎಳ್ಕೊಂಡ್ ಹೋಯ್ತು, ಆಮೇಲೆ ಡೋರ್ ಬಿಟ್ಕೊಳ್ತು, ನಾನು ಬಿದ್ದೆ. ವ್ಯಾನ್ ಬನ್ನೇರುಘಟ್ಟ ರೋಡ್ ಕಡೆ ಹೋಯ್ತು. ನಂಬರ್ ನೋಡಿದ್ಯಾ ಅಂತ ಸಾರ್ ಕೇಳಿದ್ರು. ಇಲ್ಲ. ಕೈ ನೋಡ್ಕೊತಿದ್ದೆ.

ಆ ಕೈಯಲ್ಲೇ ಒಂದು ಸ್ಟೇಷನ್‌ಗೆ ಹೋದೆ. ಈ ಸ್ಟೇಷನ್ ಅಲ್ಲ. ಹುಡುಗಿ ಹೆಸರೇನು ಅಂದ್ರು, ಗೊತ್ತಿಲ್ಲ ಅಂದೆ. ಮನೆ ಎಲ್ಲಿ ಅಂದ್ರು, ಗೊತ್ತಿಲ್ಲ ಅಂದೆ. ಹುಡುಗಿ ಕಳೆದೋಗಿದ್ದಾಳೆ ಅಂತ ಒಬ್ರೂ ಬಂದಿಲ್ವಲ್ಲಪ್ಪಾ, ಏನಂತ ಬರ್ಕೊಳ್ಳೋದು, ಮೊದ್ಲು ಆಸ್ಪತ್ರೆಗೆ ಹೋಗು ಅಂದ್ರು. ರೋಡಲ್ಲಿ ಬಿದ್ದಿದ್ ಪುಸ್ತಕ ತರೋಣ ಅಂತ ವಾಪಸ್ ಹೋದ್ರೆ ಪುಸ್ತಕಾನೂ ಇಲ್ಲ.

ಮೂರು ಬೆರಳು ಮುರಿದಿತ್ತು. ಕಟ್ಟು ಬಿಚ್ಚಿದ್ಮೇಲೆ ಅವು ಮಡಚೋದು ನಿಂತೋಯ್ತು. ಸುತ್ತಿಗೆ ಹಿಡಿಯೋಕಾಗಲ್ಲ. ಬೈರಣ್ಣ ಒಳ್ಳೇನು, ಕೆಲಸದಿಂದ ತೆಗೀಲಿಲ್ಲ, ಉಜ್ಜೋಕೆ ಹಾಕ್ದ. ಆದ್ರೆ ಅವನೂ ನಂಬ್ಲಿಲ್ಲ. ಹುಡುಗರು ನಂಗೆ ಓಮ್ನಿ ಅಂತ ಹೆಸರಿಟ್ರು. ಲೇ ಓಮ್ನಿ, ಇವತ್ತು ಯಾರನ್ನ ಕಿಡ್ನಾಪ್ ಮಾಡಿದ್ರೋ ಅಂತಾರೆ. ನಮ್ಮವ್ವಂತೂ, ಇವ್ನು ಕುಡ್ದು ಎಲ್ಲೋ ಕೈ ಮುರ್ಕೊಂಡು ಕಥೆ ಕಟ್ಟವ್ನೆ ಅಂತ ತಿಳ್ಕೊಂಡ್ಲು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅನ್ನ ಕಲ್ಸಿ ಕೊಡೋವಾಗ ನನ್ನ ಮುಖ ನೋಡ್ತಿರ್ಲಿಲ್ಲ, ಅಷ್ಟೇ.

ಇದನ್ನೂ ಬರ್ಕೊಳ್ಳಿ. ದಿನಾ ಬೆಳಿಗ್ಗೆ ಟೀ ಅಂಗಡೀಲಿ ಕಿಟ್ಟಿ ಕೈಲಿ ಪೇಪರ್ ಓದುಸ್ತಿದ್ದೆ. ಕಿಟ್ಟಿ ನನ್ನ ಫ್ರೆಂಡು, ಸಿ.ಡಿ. ಅಂಗಡಿ ಹುಡುಗ. ಅಪರಿಚಿತ ಹೆಣ್ಣಿನ ಶವ ಅಂತ ಬಂದ್ರೆ ಬಟ್ಟೆ ಯಾವ ಬಣ್ಣ ಅಂತ ಬರ್ದವ್ರಾ ನೋಡು ಅಂತಿದ್ದೆ. ಹಸಿರು ಅಂತ ಒಂದ್ಸಲ ಬಂತು. ಅವತ್ತು ಕೆಲಸಕ್ಕೆ ಹೋಗ್ಲಿಲ್ಲ. ಆಮೇಲೆ ವಯಸ್ಸು ಐವತ್ತು ಅಂತ ಕಿಟ್ಟಿ ಓದಿದ.

ಇನ್ನು ಇವತ್ತಿಂದು. ಕಿಟ್ಟಿ ಬಂದು, ಮಗಾ, ಬಿಳೀ ವ್ಯಾನ್ ಅಂತ ಹೊಸ ಪಿಕ್ಚರ್ ರಿಲೀಸ್, ಕಿಡ್ನಾಪ್ ಸ್ಟೋರಿ, ನಮ್ ಕಡೇನೇ ಶೂಟಿಂಗ್ ಮಾಡವ್ರಂತೆ, ನಿನ್ನ ಪಿಕ್ಚರ್ರೇ ಗುರು ಬಾ ಅಂತ ರೇಗ್ಸಿದ. ಮಡಿವಾಳದ ಕಡೆ ಒಂದು ಥಿಯೇಟರು, ಮಾರ್ನಿಂಗ್ ಶೋ. ಅರ್ಧ ಸೀಟು ಖಾಲಿ. ಲೋ ಬಜೆಟ್ ಪಿಕ್ಚರ್ ಅಂತ ನೋಡಿದ್ರೇ ಗೊತ್ತಾಗ್ತಿತ್ತು, ಒಂದೇ ಮನೇನ ಪೊಲೀಸ್ ಸ್ಟೇಷನ್ನೂ ಮಾಡವ್ರೆ, ಆಸ್ಪತ್ರೇನೂ ಮಾಡವ್ರೆ.

ಇಂಟರ್‌ವಲ್‌ಗೆ ಸ್ವಲ್ಪ ಮುಂಚೆ ಆ ಹುಡುಗಿ ಬಂದ್ಲು. ಹಸಿರು ಚೂಡಿದಾರ, ಎದೆಗೆ ಪುಸ್ತಕ. ಹಿಂದೆ ನಮ್ಮ ಗ್ಯಾರೇಜ್ ಬೋರ್ಡು. ವ್ಯಾನ್ ಬಂತು, ಎಳ್ಕೊಂಡ್ರು. ಫಿಯೆಟ್ ಪಕ್ಕದಿಂದ ಒಬ್ಬ ಎದ್ದು ಓಡ್ದ. ಅದು ನಾನು ಸಾರ್. ಖಾಕಿ ಚಡ್ಡಿ, ಹರ್ದಿರೋ ಬನಿಯನ್ನು, ಬಾಯಿ ತೆರ್ಕೊಂಡು ಓಡ್ತಾ ಇದ್ದೀನಿ. ಬಿದ್ದೆ. ಬಿದ್ದಿದ್ದನ್ನ ನಿಧಾನವಾಗಿ ಇನ್ನೊಂದ್ಸಲ ತೋರ್ಸಿದ್ರು, ಮ್ಯೂಸಿಕ್ ಹಾಕಿ.

ನಂಗೆ ಮೊದ್ಲು ಬಂದಿದ್ದು ಸಿಟ್ಟಲ್ಲ. ಎದ್ದು ನಿಂತು, ಬದುಕವ್ಳೆ ಕಿಟ್ಟಿ, ಬದುಕವ್ಳೆ ಕಣೋ ಅಂತ ಕೂಗ್ದೆ. ಹಿಂದಿದ್ದೋರು ಕೂತ್ಕೊಳೋ ಲೇ, ಕಿಡ್ನಾಪ್ ಆದ್ರೆ ತಕ್ಷಣ ಸಾಯ್ತಾರಾ ಅಂದ್ರು. ಎಲ್ರೂ ನಕ್ರು. ಕಿಟ್ಟಿ ನಗ್ಲಿಲ್ಲ. ಅವನು ಸ್ಕ್ರೀನ್ ನೋಡ್ತಿದ್ದ, ನನ್ನ ಕೈ ನೋಡ್ತಿದ್ದ.

ಪಿಕ್ಚರ್ ಬಿಟ್ಮೇಲೆ ಗೇಟ್ ಹತ್ರ ಕೇಬಲ್ ಚಾನೆಲ್‌ನೋನು ಕ್ಯಾಮೆರಾ, ಮೈಕ್ ಹಿಡ್ಕೊಂಡು ನಿಂತಿದ್ದ. ಹೊಸ ಪಿಕ್ಚರ್ ಬಂದ್ರೆ ನಿಂತಿರ್ತಾರಲ್ಲ, ಹಂಗೆ. ಹೊರಗೆ ಬಂದೋರನ್ನೆಲ್ಲ ಪಿಕ್ಚರ್ ಹೆಂಗಿದೆ ಹೇಳಿ ಸಾರ್ ಅಂತ ಕೇಳ್ತಿದ್ದ. ಜನ ಏನಂದ್ರು ಅಂತ ಒಂದೊಂದೂ ನೆನಪೈತೆ.

ಜಯನಗರದೋರಂತೆ ಒಬ್ರು ಅಂಕಲ್ಲು, ಇಸ್ತ್ರಿ ಶರ್ಟು. ಕಥೆ ಪರ್ವಾಗಿಲ್ಲ, ಆದ್ರೆ ಆ ಟಿಂಕರ್ ಓಡಿ ಬರೋ ಸೀನ್ ನಂಬೋ ಹಾಗಿಲ್ಲ ರೀ, ಬೆಂಗಳೂರಲ್ಲಿ ಯಾರು ಯಾರಿಗೋಸ್ಕರ ಹಾಗೆ ಓಡ್ತಾರೆ, ಸ್ವಲ್ಪ ಲಾಜಿಕ್ ಬೇಡ್ವಾ ಅಂದ್ರು. ಅವರ ಹೆಂಡ್ತಿ, ಹುಡುಗಿ ಕಿರುಚಿದ್ದು ಮಾತ್ರ ತುಂಬಾ ನ್ಯಾಚುರಲ್ಲು, ನಂಗೆ ಮೈ ಜುಂ ಅಂತು ಅಂದ್ರು. ಒಬ್ಬ ಕಾಲೇಜ್ ಹುಡುಗ ಆ ಚಡ್ಡಿ ಪಾರ್ಟಿ ಸಖತ್ ಕಾಮಿಡಿ ಗುರು, ಓವರ್ ಆಕ್ಟಿಂಗ್, ಅವನಿಗೆ ಅವಾರ್ಡ್ ಕೊಡ್ಬೇಕು ಅಂದ. ಅವನ ಜೊತೆಗಿದ್ದೋನು ನನ್ನಂಗೆ ಬಾಯಿ ತೆರ್ಕೊಂಡು ಅಲ್ಲೇ ಓಡಿ ತೋರ್ಸಿದ.

ಆಮೇಲೆ ಮೈಕ್ ನನ್ನ ಮುಂದೆ ಬಂತು. ನಿಮ್ಮ ಅಭಿಪ್ರಾಯ ಅಂದ. ಅದು ನಾನು ಅಂದೆ. ಯಾರು ಅಂದ. ಓಡ್ದೋನು ನಾನು, ಅದು ನಿಜವಾಗ್ಲೂ ಓಡಿದ್ದು ಅಂದೆ. ಅವನಿಗೆ ಖುಷಿ ಆಗೋಯ್ತು. ಓ ಆರ್ಟಿಸ್ಟಾ ಸಾರ್ ನೀವು, ಎಕ್ಸ್‌ಪೀರಿಯನ್ಸ್ ಹೇಳಿ, ಡೈರೆಕ್ಟರ್ ಹೆಂಗೆ ಕೆಲಸ ತೆಗ್ದ್ರು ಅಂದ. ಕಾಲೇಜ್ ಹುಡುಗರು ಬಂದು ಕೈ ಕುಲುಕಿದ್ರು. ಆ ಬೆರಳನ್ನೇ ಹಿಡ್ದು ಕುಲುಕಿದ್ರು ಸಾರ್. ಅಣ್ಣಾ, ಆ ಮುಖ ಒಂದ್ಸಲ ಮಾಡಿ ಅಣ್ಣಾ ಅಂದ್ರು. ನಾನು ಆಕ್ಟಿಂಗ್ ಮಾಡಿಲ್ಲ ಅಂದೆ. ಅದಕ್ಕೂ ನಕ್ರು. ಏನು ಹೇಳಿದ್ರೂ ನಗ್ತಾರೆ.

ಅಷ್ಟೊತ್ತಿಗೆ ಡೈರೆಕ್ಟರ್ ಆಶ್ರಿತ್ ಅನ್ನೋರು ಹಾರ ಹಾಕ್ಕೊಂಡು ಬಂದ್ರು. ಜೊತೇಲಿ ಆ ಹುಡುಗಿ, ಹೀರೋಯಿನ್ ಪ್ರಿಯಾಂಕಾ ಅಂತೆ. ಮೈಕ್‌ನೋನು ನನ್ನ ತೋರ್ಸಿ ಇವರು ನಿಮ್ಮ ಆರ್ಟಿಸ್ಟಂತೆ ಅಂದ. ಡೈರೆಕ್ಟರ್ ನನ್ನ ಮೇಲಿಂದ ಕೆಳಗೆ ನೋಡಿದ್ರು. ಗುರುತು ಸಿಕ್ತು, ಅದು ನಂಗೆ ಗೊತ್ತಾಯ್ತು. ಆದ್ರೂ ಹೆಗಲ ಮೇಲೆ ಕೈ ಹಾಕಿ, ಹೌದೌದು, ನಮ್ಮ ಜೂನಿಯರ್ ಆರ್ಟಿಸ್ಟು, ಆ ಶಾಟು ಸೊಂಟಕ್ಕೆ ಹಗ್ಗ ಕಟ್ಟಿ ಸೇಫಾಗಿ ತೆಗ್ದಿದ್ದು ಅಂದ್ರು ಕ್ಯಾಮೆರಾಗೆ.

ಹಗ್ಗ ಎಲ್ಲಿತ್ತು ಅಂತ ಕೇಳ್ದೆ. ಆಮೇಲೆ ಮಾತಾಡೋಣ ಮಗಾ, ಪಬ್ಲಿಸಿಟಿ ಟೈಮು ಅಂತ ಕಿವೀಲಿ ಹೇಳಿದ್ರು. ಹಗ್ಗ ಎಲ್ಲಿತ್ತು ಅಂತ ಇನ್ನೊಂದ್ಸಲ ಕೇಳ್ದೆ. ಎಡಗೈಲಿ ಕಾಲರ್ ಹಿಡ್ದೆ, ಅದು ಸತ್ಯ. ಹಾರ ಕಿತ್ತೋಯ್ತು. ಯಾರೋ ನನ್ನ ಹಿಂದಿಂದ ಎಳೆದ್ರು, ನಾನು ಮೈಕ್‌ನೋನ ಮೇಲೆ ಬಿದ್ದೆ, ಅವನ ಕ್ಯಾಮೆರಾ ಕೆಳಗೆ ಬಿತ್ತು. ಬೇಕಂತ ಒಡೀಲಿಲ್ಲ. ಡೈರೆಕ್ಟರ್‌ಗೆ ಹೊಡೀಲಿಲ್ಲ. ಹೊಡೀಬೇಕು ಅನ್ಸಿತ್ತು. ಬೆರಳು ಮುಷ್ಟಿ ಆಗಲ್ಲ.

ಸ್ಟೇಷನ್‌ಗೆ ಎಲ್ರನ್ನೂ ಕರ್ಕೊಂಡು ಬಂದ್ರು. ಇಲ್ಲಿ ಸಾರ್ ಮುಂದೆ ಡೈರೆಕ್ಟರ್ ಹೇಳಿದ್ದು ಏನಂದ್ರೆ, ಪರ್ಮಿಶನ್ ತಗೊಳ್ಳೋಕೆ, ಜೂನಿಯರ್ ಆರ್ಟಿಸ್ಟ್ ಕರ್ಸೋಕೆ ಅವರ ಹತ್ರ ಬಜೆಟ್ ಇರ್ಲಿಲ್ಲ. ಅದಕ್ಕೆ ಎದುರು ನಿಂತಿದ್ದ ಟೆಂಪೋ ಟಾರ್ಪಾಲ್ ಒಳಗೆ ಕ್ಯಾಮೆರಾ ಬಚ್ಚಿಟ್ಟಿದ್ರು. ಜನ ನೋಡ್ತಾ ನಿಲ್ತಾರೆ, ಅಷ್ಟು ಸಿಕ್ರೆ ಸಾಕು ಅಂದ್ಕೊಂಡಿದ್ರು. ಒಬ್ಬ ಎದ್ದು ಓಡ್ತಾನೆ ಅಂತ ಅವರ ಲೆಕ್ಕದಲ್ಲೇ ಇರ್ಲಿಲ್ಲ. ಕೇಸ್ ಆಗುತ್ತೆ ಅಂತ ಹೆದ್ರಿ ವಾಪಸ್ ಬರ್ಲಿಲ್ಲ. ಪುಸ್ತಕ ಮಾತ್ರ ಟೆಂಪೋದೋರು ಎತ್ಕೊಂಡ್ ಹೋದ್ರು, ಅದು ಅವರ ಸಾಮಾನಂತೆ.

ಆ ಹುಡುಗಿ ಪ್ರಿಯಾಂಕಾ ಹೊರಗೆ ಬೆಂಚಲ್ಲಿ ನನ್ನ ಪಕ್ಕ ಬಂದು ಕೂತ್ಕೊಂಡ್ಲು. ಮುಖ ನೋಡ್ಲಿಲ್ಲ, ಕೈ ನೋಡಿದ್ಲು. ಈ ಮೂರಾ ಅಂದ್ಲು. ಹೂಂ ಅಂದೆ. ನಾನು ಅವತ್ತು ಕೈ, ಕೈ, ಗಾಡಿ ನಿಲ್ಸಿ ಅಂತ ಕಿರುಚಿದ್ದು ಅಣ್ಣಾ, ಇಂಥ ಟೇಕ್ ಮತ್ತೆ ಸಿಗಲ್ಲ ಅಂತ ಒಳಗಿದ್ದೋರು ನಿಲ್ಲಿಸ್ಲಿಲ್ಲ, ಆಮೇಲೆ ಡಬ್ಬಿಂಗಲ್ಲಿ ಕೈ ಅನ್ನೋದು ತೆಗ್ದು ಅಮ್ಮಾ ಅಂತ ಹಾಕ್ಸಿದ್ರು, ಕಿರುಚಿದ್ದು ಹಂಗೇ ಇಟ್ಕೊಂಡ್ರು ಅಂದ್ಲು. ಗೇಟ್ ಹತ್ರ ಆ ಅಂಕಲ್ ಹೆಂಡ್ತಿ ನ್ಯಾಚುರಲ್ ಅಂದಿದ್ದು ಅದನ್ನೇ. ನೀವು ಬದುಕಿದ್ದೀರಲ್ಲ ಬಿಡಿ ಅಂದೆ. ಯಾಕೆ ಹಂಗಂದೆ ಅಂತ ನಂಗೂ ಗೊತ್ತಿಲ್ಲ. ಒಂದ್ ವರ್ಷ ಸತ್ತಿದ್ದಾಳೆ ಅಂತ ಹೆದ್ರಿದ್ದೆ, ಇವತ್ತು ಪಕ್ಕದಲ್ಲಿ ಕೂತು ಮೂಗು ಒರೆಸ್ಕೊಂತಾವ್ಳೆ. ಖುಷಿ ಪಡ್ಬೇಕಾ, ಬೈಬೇಕಾ, ಅರ್ಥ ಆಗ್ತಿಲ್ಲ. ಕೇಳಿದ್ರೆ ನಿಜ ಹೇಳ್ತೀನಿ ಅಂದಿದ್ದಾಳೆ. ಇನ್ನೂ ಹೊರಗೇ ಕೂತಿದ್ದಾಳೆ. ದಯವಿಟ್ಟು ಕೇಳಿ.

ಆಮೇಲೆ ಡೈರೆಕ್ಟರ್ ಕಡೆ ಲಾಯರ್ ಒಂದು ಪೇಪರ್ ತಂದ್ರು. ನಾನು ಒಪ್ಕೊಂಡೇ ಆ ಪಿಕ್ಚರ್‌ನಲ್ಲಿ ಆಕ್ಟ್ ಮಾಡ್ದೆ, ಶೂಟಿಂಗಲ್ಲಿ ಪೆಟ್ಟಾಯ್ತು ಅಂತ ಅದ್ರಲ್ಲಿ ಐತೆ. ಸಹಿ ಹಾಕಿದ್ರೆ ಒಡೆದ ಕ್ಯಾಮೆರಾ ದುಡ್ಡು ಅವರೇ ಕೊಡ್ತಾರಂತೆ, ಆ ಕೇಸು ಇರಲ್ಲ, ಟೈಟಲ್ ಕಾರ್ಡಲ್ಲಿ ನನ್ನ ಹೆಸರೂ ಹಾಕ್ತಾರಂತೆ. ಸಿದ್ದಲಿಂಗಯ್ಯ ಸಾರ್ ಕೂಡ, ಹಾಕಪ್ಪಾ, ವಯಸ್ಸಿನ್ನೂ ಚಿಕ್ಕದು, ಕೋರ್ಟು ಕಚೇರಿ ಯಾಕೆ ಅಂದ್ರು. ಒಳ್ಳೇದಕ್ಕೇ ಹೇಳಿದ್ರು, ಇಲ್ಲ ಅನ್ನಲ್ಲ.

ಅಷ್ಟೊತ್ತಿಗೆ ಕಿಟ್ಟಿ ನಮ್ಮವ್ವನ್ನ ಕರ್ಕೊಂಡು ಬಂದ. ಬರೋ ದಾರೀಲಿ ಎಲ್ಲಾ ಹೇಳವ್ನೆ. ಅವ್ವ ಬಂದವ್ಳೇ ನನ್ನ ಬಲಗೈ ಎತ್ಕೊಂಡು ಎರಡೂ ಕೈಯಲ್ಲಿ ಹಿಡ್ಕೊಂಡ್ಲು. ಖರೇನ ಓಡಿದ್ದೇನೋ ಯಪ್ಪಾ ಅಂತ ಕೇಳಿದ್ಲು. ಹೂಂ ಅವ್ವಾ ಅಂದೆ. ಆಮೇಲೆ ಅವ್ಳೂ, ಹಾಕಿಬಿಡೋ, ಮನೀಗೆ ಹೋಗೂಣು ಅಂದ್ಲು.

ನಾನು ಹಾಕಲ್ಲ ಅಂದೆ. ಯಾಕೆ ಅಂತ ಸಾರ್ ಕೇಳಿದ್ರು, ಅದನ್ನೂ ಬರ್ಕೊಳ್ಳಿ. ನಮ್ಮವ್ವ ಈಗ ನಂಬವ್ಳೆ. ನಾನು ಆ ಪೇಪರ್‌ಗೆ ಸಹಿ ಹಾಕಿದ್ರೆ ನಾನು ಓಡಿದ್ದು ಮತ್ತೆ ಸುಳ್ಳಾಗುತ್ತೆ, ಈ ಸಲ ನಾನೇ ಸುಳ್ಳು ಮಾಡ್ದಂಗಾಗುತ್ತೆ. ಕ್ಯಾಮೆರಾ ಒಡೆದಿದ್ದಕ್ಕೆ ಏನು ಕೇಸು ಹಾಕ್ತೀರೋ ಹಾಕಿ. ಟೈಟಲ್‌ನಲ್ಲಿ ಹೆಸರು ಬೇಡ. ಅವತ್ತು ಆ ಸ್ಟೇಷನ್‌ನಲ್ಲಿ ಬರ್ಕೊಳ್ಲಿಲ್ವಲ್ಲ, ಅದನ್ನ ಇಲ್ಲಿ ಬರ್ಕೊಳ್ಳಿ. ಒಬ್ಳು ಹುಡುಗೀನ ಎಳ್ಕೊಂಡ್ ಹೋಗ್ತಿದ್ರು ಅಂತ ನಾನು ತಿಳ್ಕೊಂಡೆ. ತಿಳ್ಕೊಂಡಿದ್ದು ತಪ್ಪು. ಓಡಿದ್ದು ತಪ್ಪಲ್ಲ.

ಇಷ್ಟು ನಾನು ಹೇಳಿದ್ದು. ಸಾರ್ ಓದಿ ಹೇಳಿದ್ರು, ಅವ್ವನೂ ಪಕ್ಕದಲ್ಲಿ ನಿಂತು ಕೇಳಿಸ್ಕೊಂಡ್ಲು. ನಾನು ಹೇಳ್ದಂಗೇ ಐತೆ, ಎಲ್ಲಾ ಸತ್ಯ, ಯಾರೂ ಹೆದರ್ಸಿ ಹೇಳ್ಸಿದ್ದಲ್ಲ. ಕೆಳಗಿರೋ ಸಹಿ ವಾರೆವಾರೆ ಬಂದೈತೆ. ಎಡಗೈ ಹೆಬ್ಬೆಟ್ಟು ಒತ್ತು ಸಾಕು ಅಂತ ಸಾರ್ ಹೇಳಿದ್ರು, ನಾನೇ ಬೇಡ ಅಂದೆ. ಬೆರಳು ಮಡಚಲ್ಲ, ಅದಕ್ಕೆ ಹಂಗೆ ಬಂದಿರೋದು. ಅದು ನಂದೇ ಸಹಿ.

ಸ್ಥಳ: ಬೆಂಗಳೂರು ದಕ್ಷಿಣ
ದಿನಾಂಕ: 17-6-2005, ಶುಕ್ರವಾರ ಸಂಜೆ

(ಸಹಿ) ಗುರುಸಿದ್ದ

ನನ್ನ ಸಮಕ್ಷಮ ಹೇಳಿದ್ದು, ಹೇಳಿದಂತೆ ಬರೆದುಕೊಂಡಿದ್ದೇನೆ. ಹೊರಗೆ ಕಾಯುತ್ತಿರುವ ಪ್ರಿಯಾಂಕಾ ಎಂಬುವರನ್ನು ಮುಂದಿನ ಹೇಳಿಕೆಗಾಗಿ ಒಳಗೆ ಕರೆಯಲಾಗಿದೆ.
(ಸಹಿ) ಸಿದ್ದಲಿಂಗಯ್ಯ, ಹೆಡ್ ಕಾನ್‌ಸ್ಟೇಬಲ್