ಹೂಕೋಸು ಕೊಯ್ಯುವ ಯಂತ್ರ

ರೂಸೆಲಾರೆ ಪಟ್ಟಣಕ್ಕೆ ಹೋಗುವ ಬೆಳಗಿನ ರೈಲಿನಲ್ಲಿ ನನ್ನೆದುರು ಅಕ್ಕ ತಮ್ಮ ಕೂತಿದ್ದರು. ತಮ್ಮನ ಬೂಟಿಗೆ ಹೊಲದ ಕೆಸರು ಮೆತ್ತಿತ್ತು.

“ಅಮ್ಮ ಇವತ್ತೂ ಬಗ್ಗಿಕೊಂಡೇ ಹೂಕೋಸು ಕೊಯ್ತಿದಾಳೆ ಹಿಲ್ಡಕ್ಕ. ನೀನು ಮಾಡಿದ ಯಂತ್ರ ಎಲ್ಲಿ?”

“ನಮ್ಮ ಕಂಪನಿ ಗೋದಾಮಲ್ಲಿ. ಪೇಟೆಂಟ್ ಅವರ ಹೆಸರಲ್ಲಿದೆ ವಾನ್ನೆಸ್. ಅವರ ಹಳೇ ಯಂತ್ರಗಳೆಲ್ಲ ಮಾರಿ ಖಾಲಿಯಾಗೋವರೆಗೂ ಇದನ್ನ ಹೊರಗೆ ಬಿಡಲ್ವಂತೆ.”

“ನಮ್ಮ ಕೊಟ್ಟಿಗೇಲೇ ಒಂದು ಮಾಡ್ಕೊಳ್ಳೋಣ. ಯಾರಿಗೆ ಗೊತ್ತಾಗತ್ತೆ?”

“ಪಕ್ಕದ ಹೊಲದ ಯೋರಿಸ್ ಮಾಮನೇ ಅವರ ಏಜೆಂಟು ಕಣೋ. ಕೋರ್ಟಿಗೆ ಎಳೀತಾರೆ.”

“ಹಾಗಾದ್ರೆ ಕೆಲಸ ಬಿಡು. ಬೇರೆ ಥರದ್ದು ಕಂಡುಹಿಡಿ.”

“ಬಿಟ್ಟ ಮೇಲೂ ಮೂರು ವರ್ಷ ನನಗೆ ಹೊಳೆದದ್ದೆಲ್ಲ ಅವರದ್ದೇ. ಸಹಿ ಹಾಕಿದೀನಲ್ಲ.”

“ತಲೇನೇ ಮಾರಿಬಿಟ್ಯಾ ಮಾರಾಯ್ತಿ! ಈಗೇನ್ಮಾಡ್ತೀಯ?”

“ಏನೂ ಹೊಳೀದೇ ಇರೋ ಹಾಗೆ ನೋಡ್ಕೋತಿದೀನಿ.”

ಅಷ್ಟರಲ್ಲಿ ನಿಲ್ದಾಣ ಬಂತು. ಬೋಗಿಯ ಒಳಬಾಗಿಲು ಸಿಕ್ಕಿಕೊಂಡಿತ್ತು. ಅವಳು ಬಗ್ಗಿ ಅದರ ಚಿಲಕವನ್ನು ಒಂದು ಕ್ಷಣ ದಿಟ್ಟಿಸಿದಳು, ಬೆರಳು ಮುಂದೆ ಹೋಯಿತು. ಆಮೇಲೆ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡಳು. ವಾನ್ನೆಸ್ ಹೆಗಲು ಕೊಟ್ಟು ಬಾಗಿಲು ತಳ್ಳಿದ. ಇಬ್ಬರೂ ಇಳಿದು ಹೋದರು.