ಕಾದಂಬರಿಯ ಕೊಲೆ, ಆಟೋದಲ್ಲಿ ಅತ್ತೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ನಾನು ಕೂತು ಒಂದು ಯುಗವಾಗಿತ್ತು. ಯಾರದೋ ಮನೆಯ ಅತ್ತಿಗೆ, ನಾದಿನಿ ಇಬ್ಬರೂ ಬಂದು ಪಕ್ಕದಲ್ಲಿ ಕೂತರು. ಅವರ ಸಿಟ್ಟಿಗೆ ಬೆಂಚೇ ಕಾದುಹೋಯಿತು. ನನ್ನ ಯಜಮಾನರು ಬದುಕಿದ್ದಾಗ ಅವರ ಮೇಲೆ ನಾನೂ ಅಷ್ಟು ಉರಿದವಳಲ್ಲ.

“ಅಮ್ಮ ಆಟೋದಿಂದ ಇಳೀತಾನೇ ಇಲ್ಲ ಅತ್ತಿಗೆ. ಡಾಕ್ಟರು ಕೊಂದೇಬಿಡ್ತಾರಂತೆ. ಆ ಕಾದಂಬರೀಲಿ ಕೊಲೆ ಮಾಡಿದ್ದು ಡಾಕ್ಟರು ಅಂತ ಓದಿ ಹೇಳಿದ್ದು ನೀವೇ ತಾನೇ?”

“ಓದಲಿಲ್ಲ ಕಣೇ. ನಾನೇ ಸೇರಿಸಿದ್ದು.”

“ಸೇರಿಸಿದ್ರಾ!”

“ಇನ್ನೇನು ಮಾಡ್ಲಿ? ಅತ್ತೆಗೆ ಕಣ್ಣು ಕಾಣಲ್ಲ ಅಂತ ಗಂಟಲು ಹರ್ಕೊಂಡು ನಾನೂರು ಪುಟ ಓದಿದೀನಿ. ಕೊನೇಲಿ ಆ ಮಹಾರಾಯ, ಕೊಂದವರು ಯಾರು ಅಂತ ಓದುಗರೇ ಊಹಿಸ್ಕೊಳ್ಳಲಿ ಅಂತ ಬರ್ದಿದಾನೆ! ಈಗಿನವರದ್ದೆಲ್ಲ ಇದೇ ಚಾಳಿ. ದೆವ್ವದ ಕಥೇಲಿ ದೆವ್ವ ಬರಲ್ಲ, ಪತ್ತೇದಾರೀಲಿ ಪತ್ತೆ ಆಗಲ್ಲ.”

“ಅದಕ್ಕೆ ಡಾಕ್ಟರೇ ಸಿಕ್ಕಿದ್ರಾ? ಬೇರೆ ಯಾರೂ ಇರ್ಲಿಲ್ವಾ?”

“ಅನುಮಾನ ಇದ್ದಿದ್ದು ಇಬ್ಬರ ಮೇಲೆ. ಡಾಕ್ಟರು, ಇಲ್ಲಾಂದ್ರೆ ಸೊಸೆ. ಸೊಸೆ ಅಂದಿದ್ರೆ ನಿಮ್ಮಮ್ಮ ನನ್ನ ಕೈಯಿಂದ ತೊಟ್ಟು ನೀರೂ ಕುಡೀತಿರ್ಲಿಲ್ಲ.”

“ಇವತ್ತಿನ ಆಪರೇಷನ್ ತಪ್ಪಿದ್ರೆ ಇನ್ನು ಆರು ತಿಂಗಳು ಅಮ್ಮನಿಗೆ ಕತ್ತಲೇನೇ. ಹೋಗಿ ಹೇಳಿ, ತಪ್ಪು ಓದಿದೆ, ಕೊಂದಿದ್ದು ಸೊಸೇನೇ ಅಂತ.”

ಅತ್ತಿಗೆ ಹಲ್ಲು ಕಡಿದದ್ದು ಮೂರು ಬೀದಿಗೆ ಕೇಳಿಸಿರಬೇಕು.

“ಹೇಳ್ತೀನಿ. ಆದ್ರೆ ಇವತ್ತಿಂದ ಕಣ್ಣಿಗೆ ಔಷಧಿ ಬಿಡೋಳೂ ನೀನೇ, ಊಟ ಹಾಕೋಳೂ ನೀನೇ. ನಿನ್ನ ಗಂಡನಿಗೆ ಈಗಲೇ ಫೋನ್ ಮಾಡು, ಒಂದು ತಿಂಗಳು ಮನೆಗೆ ಬರಲ್ಲ ಅನ್ನು.”

ಅಷ್ಟಂದವಳೇ ಅತ್ತಿಗೆ ದಡದಡನೆ ಆಟೋ ಕಡೆ ನಡೆದಳು. ನಾದಿನಿ ಫೋನು ಕಿವಿಗಿಟ್ಟುಕೊಂಡು ಹಿಂದೆ ಓಡಿದಳು.