ಕರುಪ್ಪಾಯಿ ಬಿಲ್ಲೆ

ಆ ದೀಪ ವಸಿ ಸಣ್ಣ ಮಾಡು. ಎಣ್ಣೆ ಏನು ಬಾವೀಲಿ ಊರ್ತೈತಾ? ಹ್ಞಾಂ... ಸಾಕು. ಈಗ ಕೇಳಿ. ನಡುವೆ ಬಾಯಿ ಹಾಕಿದೋರನ್ನ ಎಬ್ಬಿಸಿ ಕಳಿಸಿಬಿಡ್ತೀನಿ. ಆಮೇಲೆ ಆ ಆಲದ ಮರದ ಕೆಳಗೆ ಒಬ್ಬೊಬ್ಬರೇ ನಡ್ಕೊಂಡು ಮನೆಗೆ ಹೋಗಿ.

ಇದು ಅವರಿವರು ಹೇಳಿದ್ದಲ್ಲ. ನಮ್ಮ ಪಕ್ಕದ ಮನೆ ಪಾಂಡಿಯಮ್ಮನಿಗೆ ಆಗಿದ್ದು. ಅವಳ ಮನೆಗೂ ನಮ್ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆ ಕಡೆ ಕೂಸು ಸೀನಿದ್ರೆ ಈ ಕಡೆಯಿಂದ ನಾನು 'ನೂರು ವರ್ಷ ಬಾಳಪ್ಪಾ' ಅಂತಿದ್ದೆ. ಅಣೆಕಟ್ಟಿನ ನೀರು ನಮ್ಮ ಕಂಬಂ ಬಯಲಿಗೆ ಬಂದು ಈಗ ನಾಲ್ಕು ವರ್ಷ ಆಯ್ತಲ್ಲ? ಅದಕ್ಕೆ ಹಿಂದಿನ ವರ್ಷದ ಬೇಸಿಗೆ. ಪಾಂಡಿಯಮ್ಮನ ಗಂಡ ಅಳಗರ್ ಎತ್ತು ಹೊಡ್ಕೊಂಡು ಮಲೆ ಮೇಲೆ ಅಣೆಗೆ ಕಲ್ಲು ಎಳೆಯೋಕೆ ಹೋಗಿದ್ದ. ಮೂರು ತಿಂಗಳಾದ್ರೂ ಆಸಾಮಿ ಪತ್ತೆ ಇಲ್ಲ. ಮನೇಲಿ ಪಾಂಡಿಯಮ್ಮ, ಅವಳ ಆರು ತಿಂಗಳ ಗಂಡು ಕೂಸು ಚಿನ್ನಯ್ಯ, ನಾಲ್ಕು ವರ್ಷದ ಹುಡುಗಿ ಓಚ್ಚಮ್ಮ. ಅಷ್ಟೇ. ಅತ್ತೆ ಕಾಳಿಯಮ್ಮ ಇದ್ದದ್ದು ಮೇಲಿನ ಬೀದೀಲಿ, ದೊಡ್ಡ ಮಗನ ಮನೇಲಿ. ಬಿಸಿಲೇರಿದ ಮೇಲೆ ಬರೋಳು, ತಪ್ಪು ಹುಡುಕೋಕೆ.

ಓಚ್ಚಮ್ಮ ಪಾಂಡಿಯಮ್ಮನ ಹೊಟ್ಟೇಲಿ ಹುಟ್ಟಿದೋಳಲ್ಲ. ಅಳಗರನ ಮೊದಲ ಹೆಂಡ್ತಿ ಕರುಪ್ಪಾಯಿ ಮಗಳು. ಈ ಕರುಪ್ಪಾಯಿ ನನ್ನ ಗೆಳತಿ. ಎಡಚಿ. ಬೀಸುಕಲ್ಲಿನ ಮುಂದೆ ಕೂತ್ರೆ ನಾವೆಲ್ಲ ತಿರುಗಿಸೋ ದಿಕ್ಕಿಗೆ ಎದುರಾಗಿ ತಿರುಗಿಸೋಳು. "ಏನೇ, ಹಿಟ್ಟನ್ನ ತಿರುಗಿ ರಾಗಿ ಮಾಡ್ತಿದ್ದೀಯಾ?" ಅಂತ ರೇಗಿಸಿದ್ರೆ ನಕ್ಕು ನಕ್ಕು ಹೊಟ್ಟೆ ಹಿಡ್ಕೊಳ್ಳೋಳು. ಮಗಳಿಗೆ ಎರಡು ತುಂಬೋ ಮುಂಚೆ ವಾಂತಿಭೇದಿ ಬಂದು ಒಂದೇ ಹಗಲಲ್ಲಿ ಹೋಗಿಬಿಟ್ಲು. 'ಕೂದಲು ಉದ್ದ ಆಗ್ಲಿ, ಜಡೆ ಹಾಕ್ತೀನಿ' ಅಂತ ಕಾಯ್ತಿದ್ಲು, ಪಾಪ.

ನಮ್ಮ ಜನದ ಪದ್ಧತಿ ನಿಮಗೆ ಗೊತ್ತಲ್ಲ. ಎರಡನೆಯವಳಾಗಿ ಬಂದೋಳು ತಾಳಿ ಜೊತೆಗೆ ಸತ್ತವಳ ಹೆಸರಲ್ಲಿ ಒಂದು ಬೆಳ್ಳಿ ಬಿಲ್ಲೆ ಕಟ್ಕೋಬೇಕು. ಸವತಿ ಬಿಲ್ಲೆ. ಮೊದಲ ಅರಿಶಿನ ಅದಕ್ಕೆ, ಆಮೇಲೆ ತನಗೆ. ಅದು ಕೊರಳಲ್ಲಿ ಇರೋವರೆಗೂ ಸತ್ತವಳು ಸುಮ್ಮನಿರ್ತಾಳೆ ಅಂತ.

ಆವತ್ತು ಮಂಗಳವಾರ. ಚಿನ್ನಯ್ಯ ಹಾಲು ಕುಡೀತಾ ಕುಡೀತಾ ಆ ಬಿಲ್ಲೆ ಹಿಡಿದು ಎಳೆದ. ಅಂಚು ಕೆನ್ನೆಗೆ ತಾಕಿ ಸರಕ್ ಅಂತ ಕೊಯ್ದುಬಿಡ್ತು. ಹಾಲಲ್ಲಿ ರಕ್ತ. ಪಾಂಡಿಯಮ್ಮನಿಗೆ ಸಿಟ್ಟು ನೆತ್ತಿಗೇರ್ತು. "ಸತ್ತವಳ ಸಮಾಧಾನಕ್ಕೆ ಬದುಕಿರೋ ಕೂಸಿನ ಕೆನ್ನೆ ಕೊಯ್ಯೋದಾ?" ಅಂತ ಬಿಲ್ಲೆ ಬಿಚ್ಚಿ ಉಪ್ಪಿನ ಗಡಿಗೆಗೆ ಹಾಕಿದ್ಲು.

ಮಾರನೇ ದಿನ ಬೆಳಗಿನ ಜಾವ...

ಎರಡು ಮಕ್ಕಳ ತಾಯಿಗೆ ಬೆಳಗಿನ ಜಾವ ಅಂದ್ರೆ ಏನು ಅಂತ ನಿಮಗೇನು ಗೊತ್ತು? ಒಂದು ಅತ್ತು ಇನ್ನೊಂದನ್ನ ಎಬ್ಬಿಸುತ್ತೆ. ಇದನ್ನ ಮಲಗಿಸೋ ಹೊತ್ತಿಗೆ ಅದು ಹಾಸಿಗೆ ಒದ್ದೆ ಮಾಡಿರುತ್ತೆ. ಒಲೆ ಹಚ್ಚಬೇಕು, ರಾಗಿ ಬೀಸಬೇಕು, ನೀರು ತರಬೇಕು. ಆ ಬೇಸಿಗೇಲಿ ಬಾವಿ ತಳ ಕಂಡಿತ್ತು. ರಾತ್ರಿಯೆಲ್ಲ ಊರಿದ ನೀರು ಮೊದಲು ಹೋದ ನಾಲ್ಕು ಜನಕ್ಕೆ ಮಾತ್ರ. ಅದಕ್ಕೇ ಕೋಳಿ ಕೂಗೋ ಮುಂಚೆ ಪಾಂಡಿಯಮ್ಮ ಕೂಸಿಗೆ ಹಾಲು ಕೊಟ್ಟು, ಸೀರೆ ತೊಟ್ಟಿಲಲ್ಲಿ ಮಲಗಿಸಿ, ಹುಡುಗಿಗೆ ಹೊದಿಸಿ, ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ ಓಡೋಳು.

ಆವತ್ತು ನೀರು ತುಂಬ್ಕೊಂಡು ಆಲದ ಮರದ ಹತ್ರ ಬಂದ್ಲು. ಸೊಂಟದ ಬಿಂದಿಗೇಲಿ ನೀರು... ತುಳಕ್... ತುಳಕ್. ಮನೆ ಕಡೆಯಿಂದ ಇನ್ನೊಂದು ಸದ್ದು. ಕಿರ್ಕ್... ಕಿರ್ಕ್... ಕಿರ್ಕ್...

ತೊಟ್ಟಿಲ ಹಗ್ಗ ತೊಲೆಗೆ ಉಜ್ಜೋ ಸದ್ದು. ಯಾರೋ ಜೋರಾಗಿ ತೂಗ್ತಾ ಇದ್ದಾರೆ.

ಓಚ್ಚಮ್ಮ ಎದ್ದಳೇನೋ ಅಂದುಕೊಂಡ್ಲು. ಆದ್ರೆ ಓಚ್ಚಮ್ಮನ ಕೈಗೆ ತೊಟ್ಟಿಲು ಎಟುಕಲ್ಲ. ಓಡಿದ್ಲು. ಚಿಲಕ ಹಾಕಿದ ಹಾಗೇ ಇತ್ತು. ತೆಗೆದ್ಲು. ತೊಟ್ಟಿಲು ತನ್ನಷ್ಟಕ್ಕೆ ಆಡ್ತಾ ಇತ್ತು, ಕೂಸಿಗೆ ಗಡದ್ದು ನಿದ್ದೆ. ಓಚ್ಚಮ್ಮ ಚಾಪೆ ಮೇಲೆ ನೆಟ್ಟಗೆ ಕೂತಿದ್ಲು. ತಲೆ ಬಾಚಿ ಜಡೆ ಹಾಕಿತ್ತು.

"ಯಾರೇ ಹಾಕಿದ್ದು?" ಪಾಂಡಿಯಮ್ಮ ಪಿಸುಗುಟ್ಟಿದ್ಲು.

"ಅಮ್ಮ."

"ಯಾವ ಅಮ್ಮ?"

ಹುಡುಗಿ ಪಾಂಡಿಯಮ್ಮನನ್ನ ಯಾವತ್ತೂ ಹಾಗೆ ಕರೆದೋಳಲ್ಲ. ಚಿಕ್ಕಿ ಅಂತಿದ್ಲು. ಈಗ ತಿರುಗಿ ಬೀಸುಕಲ್ಲಿದ್ದ ಮೂಲೆ ಕಡೆ ನೋಡಿದ್ಲು.

ಬೆಳಗಾಗುತ್ಲೇ ಹುಡುಗಿನ ನನ್ನ ಹತ್ರ ಕರ್ಕೊಂಡು ಬಂದ್ಲು. "ಈ ಜಡೆ ನೀನು ಹಾಕಿದ್ಯಾ ಅಕ್ಕಾ?" ನಾನು ನೋಡಿದೆ. ಹೆಣಿಗೆ ಎಡಗಡೆಯಿಂದ ಶುರುವಾಗಿತ್ತು, ಗಂಟು ಎಡಗಿವಿ ಹಿಂದೆ. ನಂಗೆ ಆ ಕೈ ಗೊತ್ತು. ನನ್ನ ತಲೆಗೆ ಎಷ್ಟು ಸಲ ಹಾಕಿಲ್ಲ ಅವಳು...

ಅಷ್ಟಕ್ಕೇ ಆಗಿದ್ರೆ ಸರಿ. ಜಡೆ ಹಾಕಿ ಹೋಗ್ಲಿ ಪಾಪ ಅಂತ ಬಿಡಬಹುದಿತ್ತು. ಗುರುವಾರ ಬೆಳಗಿನ ಜಾವ ಏನಾಯ್ತು ಕೇಳಿ.

ಪಾಂಡಿಯಮ್ಮ ಬಾವೀಲಿ ಹಗ್ಗ ಬಿಡ್ತಾ ಇದ್ಲು. ರಾಟೆ ಕೀಂಯ್... ಕೀಂಯ್ ಅಂತಿತ್ತು. ಹಿಂದೆ ಸಣ್ಣ ಹೆಜ್ಜೆ ಸದ್ದು. ಟಪ್... ಟಪ್... ತಿರುಗಿ ನೋಡಿದ್ಲು. ಓಚ್ಚಮ್ಮ. ನೇರ ಬಾವಿ ಕಡೆಗೆ ನಡ್ಕೊಂಡು ಬರ್ತಾ ಇದ್ದಾಳೆ. ಬಲಗೈ ತಲೆಗಿಂತ ಮೇಲೆ ಎತ್ತಿದೆ. ಬೆರಳು ಮಡಚಿವೆ... ದೊಡ್ಡವರ ಕೈ ಹಿಡ್ಕೊಂಡು ನಡೆಯೋ ಮಕ್ಕಳ ಹಾಗೆ. ಪಕ್ಕದಲ್ಲಿ ಯಾರೂ ಇಲ್ಲ. ನಮ್ಮ ಬಾವಿಗೆ ಕಟ್ಟೆ ಇಲ್ಲ ಅನ್ನೋದು ನಿಮಗೆ ಗೊತ್ತು.

ಪಾಂಡಿಯಮ್ಮ ಹಗ್ಗ ಬಿಟ್ಟುಬಿಟ್ಲು. ಬಿಂದಿಗೆ ಒಳಗೆ ಢಣ್ ಅಂತ ಬಂಡೆಗೆ ಬಡಿದು ಬುಳ್ಳ್ ಅಂತ ಮುಳುಗ್ತು. ಹಾರಿ ಹುಡುಗಿನ ಬಾಚಿ ತಬ್ಕೊಂಡ್ಲು. ಬಾವಿಗೆ ಇನ್ನು ಎರಡೇ ಹೆಜ್ಜೆ ಇತ್ತು.

"ಎಲ್ಲಿಗೇ?"

"ಅಮ್ಮ ಕರೀತಾಳೆ."

ಆ ಎತ್ತಿದ ಕೈ ಮುಟ್ಟಿದ್ರೆ ಮಂಜುಗಡ್ಡೆ. ಮನೆಗೆ ಬಂದು ನೋಡಿದ್ರೆ ಚಿಲಕ ಹಾಕಿದ್ದು ಹಾಕಿದ ಹಾಗೇ. ಒಳಗೆ ಕೂಸು ಒಂದೇ ಸಮ ಕಿರುಚ್ತಾ ಇತ್ತು.

ಬಿಸಿಲೇರಿದ ಮೇಲೆ ಕಾಳಿಯಮ್ಮ ಬಂದ್ಲು. ಮೊದಲು ಬಿಂದಿಗೆ ಹೋಯ್ತಲ್ಲ ಅಂತ ರಂಪ. ಆಮೇಲೆ ಸೊಸೆ ಕೊರಳು ನೋಡಿದ್ಲು.

"ಬಿಲ್ಲೆ ಎಲ್ಲೇ?"

"ಉಪ್ಪಿನ ಗಡಿಗೇಲಿ."

"ಅಯ್ಯಯ್ಯೋ, ಮನೆಹಾಳಿ!"

ನಮ್ಮ ಜನಕ್ಕೆ ಕಣಿ ಹೇಳೋನು ಮಾಯಾಂಡಿ. ಅವನನ್ನ ಕರೆಸಿದ್ರು. ಬಂದ, ಡಮರಿನ ಹಾಗಿರೋ ಉಡುಕೆ ಬಡಿದ. ಡುಬ್ ಡುಬ್ ಡುಬ್... ಕಣ್ಣು ಮೇಲೆ ಮಾಡಿ ಹೇಳಿದ, "ಬಿಚ್ಚಿದ ಬಿಲ್ಲೆ ತಿರುಗಿ ಕಟ್ಟಿದ್ರೆ ಆಗಲ್ಲ. ಅವಳು ತನ್ನದನ್ನ ಕೇಳೋಕೆ ಬಂದಿದ್ದಾಳೆ. ನಾಳೆ ಜಾವಕ್ಕೆ ಬಾಗಿಲು ತೆಗೆದು ಹುಡುಗಿನ ಹೊಸ್ತಿಲ ಮೇಲೆ ಮಲಗಿಸು. ನೀನು ಕೂಸು ಎತ್ಕೊಂಡು ಅತ್ತೆ ಮನೆಗೆ ಹೋಗು. ಅವಳದ್ದು ಅವಳಿಗೆ ಬಿಟ್ರೆ ನಿನ್ನ ಗಂಡು ಕೂಸು ಉಳಿಯುತ್ತೆ. ಇಲ್ಲಾಂದ್ರೆ ಎರಡೂ..."

ಕಾಳಿಯಮ್ಮ ಸೆರಗು ಬಾಯಿಗೆ ಒತ್ಕೊಂಡು ಅತ್ಲು. ಎಷ್ಟಾದ್ರೂ ಮೊಮ್ಮಗಳು. ಆದ್ರೂ ಅಂದ್ಲು, "ಗಂಡು ಕೂಸಮ್ಮಾ... ಒಂದೇ ಗಂಡು ಕೂಸು."

ಪಾಂಡಿಯಮ್ಮ ಎದ್ದು ನಿಂತ್ಲು. ನಾನು ಅಲ್ಲೇ ಇದ್ದೆ, ನನ್ನ ಕಣ್ಣಾರೆ ಕಂಡಿದ್ದು. "ಹೊಸ್ತಿಲ ಮೇಲೆ ಇಡೋಕೆ ಇವಳೇನು ರಂಗೋಲಿಯಾ?" ಅಂದ್ಲು. "ಎರಡು ವರ್ಷ ಇವಳ ಮೂಗು ಒರೆಸಿದ್ದೀನಿ. ಜ್ವರ ಬಂದಾಗ ಇವಳ ಜೊತೆ ನಾನೂ ಉಪವಾಸ ಬಿದ್ದಿದ್ದೀನಿ. ಎರಡೂ ನನ್ನವೇ. ಒಂದನ್ನೂ ಬಿಡಲ್ಲ. ಉಡುಕೆ ಎತ್ಕೊಂಡು ನಡಿ ನೀನು!"

ಮಾಯಾಂಡಿ ಮುಖ ನೋಡಬೇಕಿತ್ತು! ಉಡುಕೆ ಕಂಕುಳಿಗೆ ಸಿಕ್ಕಿಸ್ಕೊಂಡು ಎದ್ದು ಹೋದ.

ನಾನು ರಾತ್ರಿ ಜೊತೆಗೆ ಮಲಗ್ತೀನಿ ಕಣೇ ಅಂದೆ. ಬೇಡ ಅಂದ್ಲು. "ನೀನು ಗೋಡೆ ಆ ಕಡೆ ಎಚ್ಚರವಾಗಿರು ಅಕ್ಕಾ, ಅಷ್ಟು ಸಾಕು." ಒಳಗೆ ಹೆದರಿಕೆ ಇರಲಿಲ್ಲ ಅನ್ಕೋಬೇಡಿ. ಕೂಸಿಗೆ ಕೊಡೋ ಹಾಲು ಸರಿಯಾಗಿ ಇಳೀತಾ ಇಲ್ಲ ಅಂತ ನನ್ನ ಕಿವೀಲಿ ಹೇಳಿದ್ಲು. ಆದ್ರೆ ಹಠ ಅಂದ್ರೆ ಹಠ.

ಶುಕ್ರವಾರ. ಕೋಳಿ ಇನ್ನೂ ಕೂಗಿಲ್ಲ. ನಾನು ಗೋಡೆಗೆ ಕಿವಿ ಕೊಟ್ಟು ಕೂತಿದ್ದೆ. ಆ ಕಡೆ ಪಾಂಡಿಯಮ್ಮ ಸೆರಗಿನ ತುದಿ ಹುಡುಗಿ ಸೊಂಟಕ್ಕೆ ಕಟ್ಟಿ, ಕೂಸನ್ನ ಎದೆಗೆ ಹಾಕ್ಕೊಂಡು, ಒಳಗಿಂದ ಅಗುಳಿ ಹಾಕಿ ಕೂತಿದ್ದಾಳೆ. ನೀರಿಗೆ ಹೋಗಿಲ್ಲ. ಅಲ್ಲಿ ಕಂಡಿದ್ದೆಲ್ಲ ಅವಳು ಆಮೇಲೆ ಹೇಳಿದ್ದು, ಕೇಳಿಸ್ಕೊಂಡಿದ್ದು ನಾನೇ.

ಟಿಕ್...

ಕಾಲುಂಗುರ ಕಲ್ಲಿಗೆ ತಾಕೋ ಸದ್ದು. ಹೊಸ್ತಿಲ ಹತ್ರ.

ಟಿಕ್... ಟಿಕ್...

ಆಮೇಲೆ ಕಿರ್ಕ್... ಕಿರ್ಕ್... ಖಾಲಿ ತೊಟ್ಟಿಲು. ಅದು ನಿಂತುಹೋಯ್ತು. ಓಚ್ಚಮ್ಮನ ಬಲಗೈ ನಿಧಾನಕ್ಕೆ ಮೇಲಕ್ಕೆ ಹೋಯ್ತು. ಹುಡುಗಿ ಎದ್ದು ನಿಂತ್ಲು. ಸೆರಗು ಬಿಗೀತು. ಬಾಗಿಲ ಕಡೆಯಿಂದ ಎಳೆತ. ಬಾಗಿಲ ಅಗುಳಿ ತಾನಾಗಿ ಕಟ... ಕಟ... ಅಂತ ಜರುಗ್ತಾ ಇದೆ. ನಂಗೆ ಗೋಡೆ ಈ ಕಡೆ ಅದು ಕೇಳಿಸ್ತು, ಸುಳ್ಳಲ್ಲ.

ಆಗ ಪಾಂಡಿಯಮ್ಮನ ದನಿ. ಬೇಡ್ಕೋತಾಳೆ ಅನ್ಕೊಂಡಿದ್ದೆ ನಾನು. ಅವಳು ಬೈಯೋಕೆ ಶುರು ಮಾಡಿದ್ಲು! ಮೆಲ್ಲಗೆ, ಹಲ್ಲು ಕಚ್ಚಿ, ಕೂಸು ಏಳಬಾರದಲ್ಲ.

"ಬಿಡೇ ಅವಳ ಕೈನ. ಹೆತ್ತೋಳು ನೀನೇ, ಇಲ್ಲ ಅನ್ನಲ್ಲ. ಕರ್ಕೊಂಡು ಹೋಗಿ ಏನಿಕ್ಕುತ್ತೀಯಾ ಅಲ್ಲಿ? ಮಣ್ಣಾ? ಎದ್ದ ಕೂಡ್ಲೇ ಹಸಿವು ಅಂತಾಳೆ ಇವಳು. ಬಾವಿ ತಳದಲ್ಲಿ ಒಲೆ ಇಟ್ಟಿದ್ದೀಯಾ?"

ಎಳೆತ ನಿಂತುಹೋಯ್ತು.

ಪಾಂಡಿಯಮ್ಮ ಎದ್ಲು. ಕಂಕುಳಲ್ಲಿ ಕೂಸು, ಸೆರಗಲ್ಲಿ ಹುಡುಗಿ. ಉಪ್ಪಿನ ಗಡಿಗೆಗೆ ಕೈ ಹಾಕಿ ಬಿಲ್ಲೆ ತೆಗೆದ್ಲು. ಕೊರಳಿಗೆ ಕಟ್ಟಲಿಲ್ಲ. ಮೂಲೆಗೆ ಹೋಗಿ ಬೀಸುಕಲ್ಲಿನ ಗೂಟಕ್ಕೆ ಬಿಗಿಯಾಗಿ ಕಟ್ಟಿದ್ಲು.

"ನನ್ನ ಕೊರಳಲ್ಲಿ ನಿಂಗೆ ಜಾಗ ಇಲ್ಲ, ಅಲ್ಲಿ ನನ್ನ ಕೂಸು ಹಾಲು ಕುಡಿಯುತ್ತೆ. ನಿನ್ನ ಜಾಗ ಇದು. ಮಗಳನ್ನ ನೋಡಬೇಕಾ? ದಿನಾ ಬಾ. ಬೇಡ ಅಂದೋರು ಯಾರು? ಆದ್ರೆ ಬಂದೋಳು ಸುಮ್ನೆ ನಿಲ್ಲಬೇಡ. ಬೆಳಿಗ್ಗೆ ನಂಗೆ ಎರಡು ಕೈ ಸಾಲಲ್ಲ. ನೀನು ಬೀಸು, ನಾನು ಬೇಯಿಸಿ ಹಾಕ್ತೀನಿ. ಇಬ್ಬರೂ ಸೇರಿ ಸಾಕೋಣ. ಆಗಲ್ಲ ಅಂದ್ರೆ ನನ್ನ ದಾಟಿ ಕರ್ಕೊಂಡು ಹೋಗು ನೋಡೋಣ."

ಆಮೇಲೆ... ಏನೂ ಇಲ್ಲ. ಎಷ್ಟೋ ಹೊತ್ತು.

ಓಚ್ಚಮ್ಮನ ಕೈ ಕೆಳಗೆ ಬಿತ್ತು. ಹುಡುಗಿ ಪಾಂಡಿಯಮ್ಮನ ಸೀರೆ ಹಿಡ್ಕೊಂಡು ಅಂದ್ಲು, "ಅವ್ವಾ, ಹಸಿವು."

ಗರ್...

ಗರ್ರ್... ಗರ್ರ್...

ಗೋಡೆ ನಡುಗೋ ಹಾಗೆ ಕಲ್ಲು ತಿರುಗ್ತು. ನಡುನಡುವೆ ಬಿಲ್ಲೆ ಗೂಟಕ್ಕೆ ಬಡಿಯೋ ಸದ್ದು, ಟಿಣ್... ಟಿಣ್... ಕಲ್ಲು ಎದುರು ದಿಕ್ಕಿಗೆ ತಿರುಗ್ತಿತ್ತು ಅಂತ ಪಾಂಡಿಯಮ್ಮ ಆಮೇಲೆ ಹೇಳಿದ್ಲು. ಆ ಬೆಳಿಗ್ಗೆ ಅದೇ ಹಿಟ್ಟು ಬೇಯಿಸಿ ಹುಡುಗಿಗೆ ಉಣಿಸಿದ್ಲು. ಹುಡುಗಿ ಎರಡು ಸಲ ಹಾಕಿಸ್ಕೊಂಡ್ಲು. ಅದಾದ ಮೇಲೆ ಬಾವಿ ಕಡೆ ಒಂದು ದಿನಾನೂ ನಡೆದಿಲ್ಲ ಅವಳು.

ಅಳಗರ್ ಬಂದ, ಜ್ವರ ಹೊತ್ಕೊಂಡು ಬಂದ, ವಾಸಿ ಆದ. ಕಾಳಿಯಮ್ಮ ಮಾತ್ರ ಆ ಮೂಲೆಗೆ ಇವತ್ತಿಗೂ ಕಾಲಿಡಲ್ಲ. ಓಚ್ಚಮ್ಮನಿಗೆ ಈಗ ಒಂಬತ್ತು. ಬೀದೀಲಿ ತಮ್ಮನ ಕಿವಿ ಹಿಂಡ್ಕೊಂಡು ಓಡಾಡೋಳು ಅವಳೇ, ನೋಡಿದ್ದೀರಲ್ಲ.

ಏನೋ, ನಗ್ತೀಯಾ? ಪಾಂಡಿಯಮ್ಮನೇ ಬೀಸಿಕೊಂಡು ಕತೆ ಕಟ್ಟಿದ್ಲು ಅಂತೀಯಾ? ಸರಿ. ಕೇಳು ಹಾಗಾದ್ರೆ.

ಹೋದ ವಾರ ಅವರೆಲ್ಲ ಬತ್ತಲಗುಂಡಿಗೆ ಹೋಗಿದ್ರು, ಪಾಂಡಿಯಮ್ಮನ ತಮ್ಮನ ಮದುವೆಗೆ. ಮೂರು ದಿನ ಮನೆಗೆ ಬೀಗ. ಕೀಲಿ ನನ್ನ ಸೊಂಟದಲ್ಲಿ. ನಾಲ್ಕನೇ ದಿನ ಬೆಳಗಾಗೋ ಹೊತ್ತಿಗೆ ಗಾಡಿ ಬರುತ್ತೆ, ಮಕ್ಕಳು ಹಸ್ಕೊಂಡು ಬರ್ತಾರೆ ಅಂತ, ಒಲೆ ಹಚ್ಚಿಡೋಕೆ ನಾನೇ ಬಾಗಿಲು ತೆಗೆದೆ. ಗಾಡಿ ಇನ್ನೂ ಆಲದ ಮರ ದಾಟಿರಲಿಲ್ಲ, ಎತ್ತಿನ ಗೆಜ್ಜೆ ದೂರದಲ್ಲಿ ಕೇಳ್ತಿತ್ತು.

ಬೀಸುಕಲ್ಲಿನ ಪಕ್ಕದ ಮೊರದಲ್ಲಿ ಹಿಟ್ಟಿತ್ತು. ಕೈ ಇಟ್ಟು ನೋಡಿದೆ. ಈ ಕೈ, ಇದೇ ಕೈ. ಬೇಕಿದ್ರೆ ಮುಟ್ಟಿ ಆಣೆ ಮಾಡ್ತೀನಿ.

ಹಿಟ್ಟು ಇನ್ನೂ ಬಿಸಿ ಇತ್ತು.